ಪೋರ್ಟ್ ಫಾರ್ವರ್ಡ್ ಮಾಡಿದರೂ ಮನೆಯ ಸರ್ವರ್ ಹೊರಗಿನಿಂದ ಯಾಕೆ ತೆರೆಯುತ್ತಿಲ್ಲ?

ಹೊರಗಿನ ಸಂಪರ್ಕವನ್ನು ಸರ್ವರ್‌ಗೆ ದಾಟಿಸುವ ರೌಟರ್ ಸೆಟ್ಟಿಂಗ್ (ಪೋರ್ಟ್ ಫಾರ್ವರ್ಡ್) ಸರಿಯಾಗೇ ಇರಬಹುದು. ಸುಮ್ನೆ ರೀಸೆಟ್ ಮಾಡುತ್ತಾ ಕೂರಬೇಡಿ. ರೌಟರ್ ಪುಟದಲ್ಲಿ ವ್ಯಾನ್ ಐಪಿ (WAN IP, ಅಂದರೆ ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) ಎಷ್ಟಿದೆ ನೋಡಿ. ಆಮೇಲೆ ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆಯಿರಿ. ಎರಡೂ ಬೇರೆ ಬೇರೆಯಾ? ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದೆಯಾ? ಹಾಗಿದ್ದರೆ ನೀವು ಸಿಜಿನ್ಯಾಟ್ (CGNAT, ಒಂದೇ ವಿಳಾಸವನ್ನು ಹಲವರಿಗೆ ಹಂಚುವ ಕಂಪನಿಯ ವ್ಯವಸ್ಥೆ) ಹಿಂದೆ ಇದ್ದೀರಿ.

ಇಂಟರ್ನೆಟ್ ವಿಳಾಸಗಳ ಹಳೆಯ ವ್ಯವಸ್ಥೆಯಾದ ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಅದು ಸಾಲದೆ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಹೊರಗಿನಿಂದ ಬರುವ ಸಂಪರ್ಕ ಯಾವ ಮನೆಗೆ ಹೋಗಬೇಕೆಂದು ಕಂಪನಿಯ ಉಪಕರಣಕ್ಕೆ ಗೊತ್ತಾಗಲ್ಲ, ಅಲ್ಲೇ ಬಿದ್ದುಹೋಗುತ್ತದೆ. ನಿಮ್ಮ ರೌಟರ್‌ವರೆಗೆ ಬಂದರೆ ತಾನೇ ಫಾರ್ವರ್ಡ್ ಮಾಡೋದು!

ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗಷ್ಟೇ ಮೀಸಲಾದ ಬದಲಾಗದ ವಿಳಾಸ, ಕೇಳಬಹುದು. ವಿಳಾಸಗಳ ಕೊರತೆಯಿಲ್ಲದ ಹೊಸ ವ್ಯವಸ್ಥೆ ಐಪಿವಿ6 ಕೂಡ ದಾರಿಯೇ, ಆದರೆ ಹೊರಗಿರುವ ಫೋನಿಗೂ ಅದು ಸಿಗಬೇಕು. ಮನೆಯವರಷ್ಟೇ ಬಳಸುವುದಾದರೆ ನನ್ನ ಸಲಹೆ ಟೇಲ್‌ಸ್ಕೇಲ್, ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಆ್ಯಪ್. ಸರ್ವರ್, ಫೋನ್ ಎರಡೂ ತಾವಾಗಿಯೇ ಹೊರಕ್ಕೆ ಸಂಪರ್ಕ ಮಾಡುವುದರಿಂದ ಸಿಜಿನ್ಯಾಟ್ ಅಡ್ಡ ಬರಲ್ಲ. ಪೋರ್ಟ್ ತೆರೆಯುವ ಕೆಲಸವೂ ಇಲ್ಲ, ಅದರಿಂದ ಲಾಗಿನ್ ಪುಟಕ್ಕೆ ಕಂಡಕಂಡ ಬಾಟ್‌ಗಳ ಕಾಟವೂ ಇರಲ್ಲ. ಟೇಲ್‌ಸ್ಕೇಲ್‌ಗೆ ಲಾಗಿನ್ ಆಗುವ ಖಾತೆಗೆ ಮಾತ್ರ ಎರಡು ಹಂತದ ಪರಿಶೀಲನೆ ಹಾಕಿಡಿ.