ಇದು ಯಾವ ಕಡಲು?

(ನನ್ನ ಹತ್ತಿರ ಆಪ್ತಸಲಹೆಗೆ ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆ ಒಪ್ಪಿದ್ದಾಳೆ.)

ಜುಲೈ ಮೊದಲ ವಾರ. ಮಂಗಳೂರಿನ ನನ್ನ ಕೋಣೆಗೆ ಬಂದವಳು ಕೊಡೆ ಮಡಚುತ್ತಲೇ ಹೇಳಿದಳು. "ನಿದ್ದೆ ಬರುವುದಿಲ್ಲ ಮೇಡಂ. ಲ್ಯಾಪ್‌ಟಾಪ್ ತೆರೆದರೆ ಎದೆ ಡವಡವ ಹೊಡ್ಕೊಳ್ತದೆ." ವಯಸ್ಸು 28. ಪಿಎಚ್‌ಡಿಯ ನಾಲ್ಕನೇ ವರ್ಷ. ಗೈಡ್ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ ಅಂದದ್ದೇ ತಡ, ನಾನು ಅದನ್ನೇ ಹಿಡಿದುಕೊಂಡೆ. ಎರಡು ಭೇಟಿ ಅದರಲ್ಲೇ ಮುಗಿಯಿತು. ತಪ್ಪು ನನ್ನದೇ.

ಮೂರನೇ ಸಲ ಬರುವಾಗ ಚೀಲದಲ್ಲಿ ಎರಡನೇ ಅಧ್ಯಾಯದ ಪ್ರಿಂಟ್‌ಔಟ್ ಇತ್ತು. ವಿಷಯ, ಮಲ್ಪೆ ಕಡೆಯ ಮೀನು ಮಾರುವ ಹೆಂಗಸರ ದುಡಿಮೆ. ಆಕೆಯ ಅಮ್ಮನೂ ಬುಟ್ಟಿ ಹೊತ್ತು ಮೀನು ಮಾರಿಯೇ ಮಗಳನ್ನು ಓದಿಸಿದವರು. ಹನ್ನೊಂದನೇ ಪುಟದಲ್ಲಿ ಚೆಂದದ ಇಂಗ್ಲಿಷಿನ ಒಂದು ವಾಕ್ಯ. ವರ್ಷದ ಮೀನುಗಾರಿಕೆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಅಂತ. ಅದರ ಸುತ್ತ ಗೈಡ್ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದರು: "ಇದು ಯಾವ ಕಡಲು?"

ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಏಪ್ರಿಲ್ 15ರದ್ದು ಬಂಗಾಳ ಕೊಲ್ಲಿಯ ಕಡೆಯ ಲೆಕ್ಕ. ದೋಣಿ ನಿಲ್ಲುವ ದಕ್ಕೆಯಲ್ಲಿ ಆಡುವ ಮಗುವಿಗೂ ಇದು ಗೊತ್ತು. ಅವಳಿಗೆ ಗೊತ್ತಿರಲಿಲ್ವಾ? ಅವಳು ಬಂದು ಕೂತ ದಿನವೂ ಬೋಟುಗಳೆಲ್ಲ ದಡದಲ್ಲೇ ಇದ್ದವು.

"ನಾನು ಓದಲೇ ಇಲ್ಲ ಮೇಡಂ," ಅಂದಳು. ಆಮೇಲೆ ಅತ್ತಳು.

ಶುರುವಾದದ್ದು ಸಣ್ಣದರಿಂದ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಒಂದು ಸೆಮಿನಾರಿನಲ್ಲಿ ಅವಳ ಇಂಗ್ಲಿಷ್ ಕೇಳಿ ಯಾರೋ ನಕ್ಕಿದ್ದರು. ಮೊದಮೊದಲು ಎಐ (ಕೃತಕ ಬುದ್ಧಿಮತ್ತೆ) ಚಾಟ್‌ಬಾಟ್ ಹತ್ತಿರ ವ್ಯಾಕರಣ ಮಾತ್ರ ತಿದ್ದಿಸಿದಳು. ಆಮೇಲೆ "ಈ ಪ್ಯಾರಾ ಇನ್ನೂ ಚೆನ್ನಾಗಿ ಬರೆ" ಅಂದಳು. ಕೊನೆಗೆ ಹಿಂದಿನ ಅಧ್ಯಯನಗಳ ಭಾಗವನ್ನು ಪೂರ್ತಿ ಅದರ ಕೈಗೇ ಕೊಟ್ಟಳು. ಅದು ಕೊಟ್ಟ 14 ಆಕರಗಳಲ್ಲಿ ಆರು ಎಲ್ಲೂ ಸಿಗಲಿಲ್ಲ. ಲೇಖಕರ ಹೆಸರು, ಇಸವಿ, ಪುಟಸಂಖ್ಯೆ ಎಲ್ಲ ಉಂಟು, ಲೇಖನವೇ ಇಲ್ಲ! ಜಾಲದಲ್ಲಿ ಹುಡುಕದೆ ಬರೆಯುವಾಗ ಅದು ಪುಸ್ತಕ ತಂದುಕೊಡುವ ಲೈಬ್ರರಿಯವರಲ್ಲ, ಮುಂದೆ ಯಾವ ಪದ ಬಂದರೆ ಸರಿಹೊಂದುತ್ತದೆ ಅಂತ ಪೋಣಿಸುತ್ತಾ ಹೋಗುವ ಯಂತ್ರ. ಆಕರ ಕೇಳಿದರೆ ಆಕರದ ಹಾಗೆ ಕಾಣುವುದನ್ನೂ ಪೋಣಿಸಿಬಿಡುತ್ತದೆ.

"ಆದರೆ ಸಾಮ್ಯತೆ ಪರೀಕ್ಷೆಯಲ್ಲಿ ಶೇ. 6 ಮಾತ್ರ ಬಂದಿತ್ತು," ಅಂದಳು. ವಿಶ್ವವಿದ್ಯಾಲಯಗಳ ಮೇಲೆ ನಿಗಾ ಇಡುವ ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಶೇ. 10ರವರೆಗೆ ದಂಡ ಇಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆ ಪರೀಕ್ಷೆ ನೋಡುವುದು ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅಂತ ಅಷ್ಟೇ. ಇಲ್ಲದ ಲೇಖನಕ್ಕೆ ಯಾವುದು ಹೋಲಬೇಕು? ಗೆಳತಿಯೊಬ್ಬಳು "ಮನುಷ್ಯರು ಬರೆದ ಹಾಗೆ ಮಾಡಿಕೊಡುವ" ಇನ್ನೊಂದು ಸಾಫ್ಟ್‌ವೇರ್ ಹೇಳಿಕೊಟ್ಟಿದ್ದಳಂತೆ. ಅದರ ಹತ್ತಿರ ಹೋಗಬೇಡಿ ಅಂತ ಖಡಾಖಂಡಿತ ಹೇಳಿದೆ. ಇಲ್ಲಿಯವರೆಗೆ ಆದದ್ದು ತಪ್ಪು. ಅದನ್ನು ಬಳಸಿದರೆ ಮುಚ್ಚಿಟ್ಟ ಹಾಗೆ. ಎಐ ಬರೆದದ್ದನ್ನು ಪತ್ತೆ ಮಾಡುವ ಸಾಧನಗಳ ಭಯವನ್ನೂ ಬಿಡಲು ಹೇಳಿದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಸಿಕ್ಕಿಬೀಳುತ್ತೇನಾ ಇಲ್ವಾ ಅನ್ನುವ ಲೆಕ್ಕವೇ ಅವಳ ನಿದ್ದೆ ಕೆಡಿಸಿದ್ದು.

ನನಗೆ ನಿಜಕ್ಕೂ ಗಾಬರಿಯಾದದ್ದು ಬೇರೆ ವಿಷಯಕ್ಕೆ. ಸಾರಾಂಶ ಮಾಡಲು ಅಂತ 22 ಹೆಂಗಸರ ಸಂದರ್ಶನಗಳನ್ನು ಹೆಸರು, ಸಾಲದ ಲೆಕ್ಕ, ಗಂಡನ ಕುಡಿತ ಎಲ್ಲ ಸಮೇತ ಎಐಗೆ ಹಾಕಿದ್ದಳು. ಆ ಹೆಂಗಸರು ಮಾತಾಡಿದ್ದು ನಮ್ಮೂರ ಹುಡುಗಿ ಅನ್ನುವ ನಂಬಿಕೆಯಿಂದ. ಸಹಿ ಹಾಕಿದ್ದು ಅವಳ ಕಾಗದಕ್ಕೆ, ಯಾವುದೋ ಕಂಪನಿಯ ಸರ್ವರಿಗೆ ಅಲ್ಲ. (ಕಾರ್ಯಾಗಾರದ ಟಿಪ್ಪಣಿ ತಿದ್ದಲು ನಾನೂ ಎಐ ಬಳಸುತ್ತೇನೆ. ಪ್ರಕರಣದ ಫೈಲು ಮಾತ್ರ ಅದಕ್ಕೆ ತೋರಿಸುವುದಿಲ್ಲ.) ನನ್ನ ಎದುರೇ ಆ ಚಾಟ್‌ಗಳನ್ನು ಅಳಿಸಿದಳು, ತರಬೇತಿಗೆ ಬಳಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿದಳು. ಹೋದದ್ದೆಲ್ಲ ಇದರಿಂದ ವಾಪಸ್ ಬರುತ್ತದೆ ಅಂತ ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಇದನ್ನೂ ಗೈಡ್‌ಗೆ ಹೇಳಬೇಕು ಅಂದೆ.

ಉಳಿದ ಸಲಹೆ ಸರಳ. ಗೈಡ್ ಮತ್ತೆ ಕರೆಯುವ ಮೊದಲು ನೀವೇ ಹೋಗಿ. ಯಾವ ಪುಟಕ್ಕೆ ಯಾವ ಸಾಧನ, ಯಾಕೆ, ಯಾವಾಗ ಬಳಸಿದ್ದು ಅಂತ ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಎಂಟು ಆಕರ ನಿಜವಾಗಿ ಇವೆ ಅಂದ ಮಾತ್ರಕ್ಕೆ ಸಾಲದು, ತೆಗೆದು ಓದಿ. ನೀವು ಓದದ್ದು ಪಟ್ಟಿಯಲ್ಲಿ ಇರಬಾರದು. ಭಾಷೆ ತಿದ್ದಿಸಲು ವಿಭಾಗ ಒಪ್ಪಿದರೆ ತಿದ್ದಿಸಿ, ಆದರೆ ಪ್ರಬಂಧದಲ್ಲಿ ಹಾಗಂತ ಬರೆಯಿರಿ. ಜರ್ನಲ್‌ಗಳ ನೀತಿ ವಿಚಾರ ನೋಡುವ ಕೋಪ್ ಸಂಸ್ಥೆ 2023ರಲ್ಲಿ ಹೇಳಿದ್ದೂ ಇದನ್ನೇ. ಬಳಸಿದ್ದರೆ ತಿಳಿಸಬೇಕು, ಎಐ ಲೇಖಕ ಆಗಲಾರದು, ಯಾಕೆಂದರೆ ಬರೆದದ್ದರ ಹೊಣೆ ಹೊರಲು ಅದಕ್ಕೆ ಆಗದು.

ಗೈಡ್ ಹತ್ತಿರ ಆಡಬೇಕಾದ ಮೊದಲ ಮಾತನ್ನು ಅರ್ಧ ಗಂಟೆ ಅಭ್ಯಾಸ ಮಾಡಿದೆವು. ಪ್ರತಿ ಸಲ "ಸಮಯ ಇರಲಿಲ್ಲ ಸರ್" ಅಂತಲೇ ಶುರು ಮಾಡುತ್ತಿದ್ದಳು. ಐದನೇ ಸಲಕ್ಕೆ ಬಂತು: "ಸರ್, ಈ ಅಧ್ಯಾಯ ನಾನು ಬರೆದದ್ದಲ್ಲ."

ಗೈಡ್ ಚೆನ್ನಾಗಿಯೇ ಬೈದರಂತೆ. ಹೊಸದಾಗಿ ಬರೆಯಲು ಮೂರು ತಿಂಗಳು ಕೊಟ್ಟರು. ಅದೇ ಅಧ್ಯಾಯದಿಂದ ಒಂದು ಸಮ್ಮೇಳನಕ್ಕೆ ಕಳಿಸಿದ್ದ ಪ್ರಬಂಧವನ್ನು ಅವಳೇ ವಾಪಸ್ ಪಡೆದಳು. ಅದು ನಾನು ಹೇಳಿದ್ದಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಫೋನ್ ಎತ್ತುತ್ತಾಳೆ.

ಈಗ ಮೊದಲು ಕನ್ನಡದಲ್ಲಿ ಬರೆಯುತ್ತಾಳೆ. ಅದೂ ನೋಟ್‌ಬುಕ್ಕಿನಲ್ಲಿ. ಕಳೆದ ಭೇಟಿಗೆ ಅದನ್ನು ತಂದಿದ್ದಳು. ಅಂಚಿನಲ್ಲಿ ಮೀನಿನ ನೀರಿನ ಕಲೆ, ನಡುನಡುವೆ ತುಳು ಮಾತು. ನಿಷೇಧದ ಪ್ಯಾರಾ ಬರೆದು ಅಮ್ಮನಿಗೆ ಓದಿ ಹೇಳಿದ್ದಳಂತೆ. ದಿನಾಂಕ ಸರಿಯಾಗಿತ್ತು. "ಎರಡು ತಿಂಗಳು ಹೆಂಗಸರಿಗೆ ದುಡಿಮೆ ಇರುವುದಿಲ್ಲ" ಅನ್ನುವಲ್ಲಿ ಅಮ್ಮ ತಡೆದರು.

"ಇಲ್ವಾ? ಮತ್ತೆ ಮಳೆಯಲ್ಲಿ ಮನೆಮನೆ ತಿರುಗಿ ಒಣಮೀನು ಮಾರಿದ್ದು ಯಾರು, ನಿನ್ನ ಗೈಡಾ?"

ಆ ವಾಕ್ಯಕ್ಕೆ ಅಡ್ಡ ಗೆರೆ ಎಳೆದಿತ್ತು. ಕೆಳಗೆ ಅಮ್ಮ ಹೇಳಿದ ಒಣಮೀನಿನ ಲೆಕ್ಕ ಪೆನ್ಸಿಲಿನಲ್ಲಿ, ಅರ್ಧ ಪುಟ.