ಓದುಗರ ಪ್ರಶ್ನೆ: ಹೆದೆ ಕೈಗೆ ಬಡಿಯುತ್ತದೆ, ಬಾಣ ಎಡಕ್ಕೇ ಹೋಗುತ್ತದೆ

ಪ್ರಶ್ನೆ: ನಮ್ಮೂರಲ್ಲಿ ಬಿಲ್ಲುಗಾರಿಕೆ ಹೇಳಿಕೊಡುವವರಿಲ್ಲ. 68 ಇಂಚು ಉದ್ದದ, 30 ಪೌಂಡಿನ (ಹೆದೆ ಎಳೆಯಲು ಬೇಕಾದ ಬಲ) ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು, ತರಿಸಿಕೊಂಡು ವಿಡಿಯೊ ನೋಡಿ ಕಲಿಯುತ್ತಿದ್ದೇನೆ. ಬಲಗೈಯಲ್ಲಿ ಹೆದೆ ಎಳೆಯುತ್ತೇನೆ. ಎಡ ಮುಂಗೈಗೆ ಹೆದೆ ಬಡಿದು ಬಡಿದು ನೀಲಿಗಟ್ಟಿದೆ. 15 ಮೀಟರಿನಿಂದ ಬಿಟ್ಟ ಬಾಣಗಳು ಹೆಚ್ಚಾಗಿ ಎಡಕ್ಕೇ ಬೀಳುತ್ತವೆ. ಬೇರೆ ಬಾಣ ಕೊಳ್ಳಲೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಬಾಣಕ್ಕೆ ಈಗಲೇ ದುಡ್ಡು ಸುರಿಯಬೇಡಿ. ಮೊದಲ ಬಿಲ್ಲಿಗೆ 30 ಪೌಂಡು ಜಾಸ್ತಿಯಾಯಿತು. ಬಾಣ ಹೂಡಿ, ಹುಲ್ಲಿನ ಹೊರೆಯ ಕಡೆಗೇ ಹಿಡಿದು, ಗದ್ದದವರೆಗೆ ಎಳೆದು ಹತ್ತು ಎಣಿಸಿ. ಬಿಡದೆ ನಿಧಾನಕ್ಕೆ ವಾಪಸ್ ತನ್ನಿ. ಎಡಭುಜ ಕಿವಿಯತ್ತ ಏರಿ ಕೈ ನಡುಗಿದರೆ ಬಿಲ್ಲು ಭಾರ ಎಂದೇ ಅರ್ಥ. ಭುಜ ಏರಿದಾಗ ಮುಂಗೈ ಹೆದೆಯ ದಾರಿಗೆ ಬರುತ್ತದೆ. ಬಿಲ್ಲು ಬಿಚ್ಚಿ ಜೋಡಿಸುವಂಥದ್ದಾದರೆ ಲಿಂಬ್ (ಹಿಡಿಯ ಮೇಲೂ ಕೆಳಗೂ ಬಾಗುವ ಭಾಗ) ಮಾತ್ರ 18–20 ಪೌಂಡಿನದು ತರಿಸಿ. ಬಾಣವಿಲ್ಲದೆ ಹೆದೆ ಎಳೆದು ಬಿಡುವುದು ಮಾತ್ರ ಎಂದೂ ಬೇಡ, ಲಿಂಬ್ ಸೀಳಬಹುದು.

ಮುಂದೆ ಮೊಣಕೈ. ಎಡ ಅಂಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ತೋಳು ಚಾಚಿ. ಅಂಗೈ ಅಲುಗದಂತೆ ಮೊಣಕೈ ಒಂದನ್ನೇ ತಿರುಗಿಸಿ. ಮೇಲೆ ನೋಡುತ್ತಿದ್ದ ಒಳಮಡಿಕೆ ಬಲಕ್ಕೆ ತಿರುಗಬೇಕು. ಆಗ ಹೆದೆಗೂ ಕೈಗೂ ನಡುವೆ ಜಾಗ ಸಿಗುತ್ತದೆ. ಇದು ಮೈಗೂಡುವತನಕ ದಿನಾ ಇಪ್ಪತ್ತು ಸಲ ಮಾಡಿ. ಆರ್ಮ್ ಗಾರ್ಡ್ (ಮುಂಗೈ ಕವಚ) ಹಾಕಿಕೊಳ್ಳಲೇಬೇಕು, ಆದರೆ ಅದು ನೋವು ತಡೆಯುತ್ತದೆಯೇ ಹೊರತು ತಪ್ಪು ತಿದ್ದುವುದಿಲ್ಲ.

ಹಿಡಿಯ ಒಳಗುಳಿಯಿಂದ ಹೆದೆಗೆ ಇರುವ ದೂರವನ್ನೂ ಅಳೆಯಿರಿ. 68 ಇಂಚಿನ ಬಿಲ್ಲಿಗೆ ಸುಮಾರು 8.5 ಇಂಚು ಇರಬೇಕು. ಕಡಿಮೆಯಿದ್ದರೆ ಹೆದೆ ಕೈಗೆ ಬಡಿಯುತ್ತದೆ. ಹೆದೆ ಇಳಿಸಿ, ಇರುವ ಹುರಿಯ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಸೇರಿಸಿ ಮತ್ತೆ ಅಳೆಯಿರಿ.

ಎಡಕ್ಕೆ ಬೀಳಲು ಕಣ್ಣೂ ಕಾರಣವಿರಬಹುದು. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ದೂರದ ತೆಂಗಿನಮರವನ್ನು ಎರಡೂ ಕಣ್ಣು ಬಿಟ್ಟು ನೋಡಿ. ಎಡಗಣ್ಣು ಮುಚ್ಚಿದೊಡನೆ ಮರ ಮರೆಯಾದರೆ ನಿಮ್ಮದು ಎಡಗಣ್ಣಿನ ನೋಟ. ಗುರಿ ಹಿಡಿಯುವಾಗ ಆ ಕಣ್ಣು ಮುಚ್ಚಿ, ಇಲ್ಲವೇ ಈಗಲೇ ಎಡಗೈಯಲ್ಲಿ ಹೆದೆ ಎಳೆಯುವ ಬಿಲ್ಲಿಗೆ ಬದಲಾಗಿ.

ಎರಡು ವಾರ 5 ಮೀಟರಿನಲ್ಲಿ, ಗುರಿಪಟವೇ ಇಲ್ಲದ ಹೊರೆಗೆ ದಿನಕ್ಕೆ 30–40 ಬಾಣ ಬಿಡಿ. ಆಮೇಲೆ 10, ಆಮೇಲೆ 18 ಮೀಟರ್. ಇಷ್ಟಾದ ಮೇಲೂ ಬಾಣ ಎಡಕ್ಕೇ ಹೋದರೆ, ಅದು ನಿಮ್ಮ ಬಿಲ್ಲಿಗೆ ಸಾಕಷ್ಟು ಬಾಗದಷ್ಟು ಗಡುಸಾಗಿದೆಯೇ ಎಂದು ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ತಾರಸಿ ಮೇಲೆ ಅಭ್ಯಾಸ ಮಾಡಬಹುದೇ?

ಉತ್ತರ: ಖಂಡಿತ ಬೇಡ. 20 ಪೌಂಡಿನ ಬಿಲ್ಲಿನ ಬಾಣವೂ ಗುರಿ ತಪ್ಪಿದರೆ ಪಕ್ಕದ ಬೀದಿ ಸೇರಬಲ್ಲದು. ಹಿಂದೆ ಮಣ್ಣಿನ ದಿಬ್ಬವಿರುವ, ಯಾರೂ ಓಡಾಡದ ಜಾಗ ಹುಡುಕಿ. ಗೋಣಿಚೀಲಕ್ಕೆ ಹಳೇ ಬಟ್ಟೆಯನ್ನು ಗಟ್ಟಿಯಾಗಿ ತುರುಕಿ ಹೊಲಿದರೆ ಗುರಿ ಸಿದ್ಧ. ಗುಂಡಿ, ಜಿಪ್ ಕಿತ್ತು ಹಾಕಿ. ಬಾಣ ಕೀಳುವಾಗ ಹಿಂದೆ ಯಾರೂ ನಿಲ್ಲದಿರಲಿ. ಒಂದು ಕೈ ಚೀಲಕ್ಕೆ ಒತ್ತಿ, ಇನ್ನೊಂದರಲ್ಲಿ ಬಾಣವನ್ನು ಚೀಲಕ್ಕೆ ನೆಟ್ಟ ಕಡೆಯಲ್ಲೇ ಹಿಡಿದು ನೇರಕ್ಕೆ ಎಳೆಯಿರಿ.