ಎರಡು ಕವರಿನ ಮಾತ್ರೆ

ಗುರುತು ಸಿಗದ ಹಾಗೆ ಹೆಸರು, ವಿವರ ಬದಲಿಸಿದ್ದೇನೆ. ಸುಮಾ ಎನ್ನೋಣ. 31 ವರ್ಷ, ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಕೆಲವು ತಿಂಗಳಿಂದ ನಿದ್ದೆ ಇಲ್ಲ, ಮಗಳ ಮೇಲೆ ಸುಮ್ನೆ ಸಿಟ್ಟು, ಆಮೇಲೆ ಅಳು.

"ಇಷ್ಟು ಮಾತ್ರೆ ಸಾಲದು ಅಂತ ಇನ್ನು ಮನಸ್ಸಿಗೂ ಮಾತ್ರೆಯಾ ಮೇಡಂ? ಅತ್ತೆ ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ."

ಮಾತ್ರೆಗಳನ್ನು ತೋರಿಸಿ ಎಂದೆ. ಬ್ಯಾಗಿನಿಂದ ಎರಡು ಕವರ್ ಬಂತು. ಒಂದರಲ್ಲಿ ಕೀಲು ಡಾಕ್ಟರು ಕೊಟ್ಟ ಲೂಪಸ್ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಇನ್ನೊಂದರಲ್ಲಿ ಮಾನಸಿಕ ತಜ್ಞರು ಬರೆದ ಖಿನ್ನತೆ ಮಾತ್ರೆ ಎಸಿಟಲೊಪ್ರಾಮ್. ಆ ಸ್ಟ್ರಿಪ್‌ನಲ್ಲಿ ಎರಡೇ ಮಾತ್ರೆ ಖಾಲಿ. ಹೊಟ್ಟೆ ತೊಳೆಸಿತು ಅಂತ ಬಿಟ್ಟಿದ್ದರು. ಅಡಿಯಲ್ಲಿ ಮೆಡಿಕಲ್‌ನಿಂದ ತಾವೇ ತಂದ ಡೈಕ್ಲೋಫೆನಾಕ್. ಒಬ್ಬ ಡಾಕ್ಟರಿಗೆ ಇನ್ನೊಬ್ಬರ ಮಾತ್ರೆ ಗೊತ್ತೇ ಇಲ್ಲ!

ನನಗೆ ಗಾಬರಿಯಾದದ್ದು ಇದೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಎಸಿಟಲೊಪ್ರಾಮ್ ಎರಡೂ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಮಾಡಬಲ್ಲವು. ಒಟ್ಟಿಗೆ ತೆಗೆದುಕೊಳ್ಳಲೇಬಾರದು ಅಂತಲ್ಲ, ಆದರೆ ಡಾಕ್ಟರಿಗೆ ಗೊತ್ತಿದ್ದರೆ ಇಸಿಜಿ ನೋಡಿ ನಿರ್ಧರಿಸುತ್ತಾರೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಈ ಜಾತಿಯ ಖಿನ್ನತೆ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಜಾಸ್ತಿ. ಲೂಪಸ್‌ನಲ್ಲಿ ಕಿಡ್ನಿಯ ಚಿಂತೆ ಬೇರೆ.

ಇನ್ನೊಂದು ಮಾತು. ಬೇಜಾರು ಶುರುವಾದದ್ದು ಸ್ಟೀರಾಯ್ಡ್ ಡೋಸ್ ಏರಿಸಿದ ಮೇಲೆ. ಸ್ಟೀರಾಯ್ಡ್‌ನಿಂದ ನಿದ್ದೆ ಕೆಡಬಹುದು, ಮನಸ್ಸೂ ಕೆಡಬಹುದು. ಲೂಪಸ್ಸೇ ಮೆದುಳಿಗೆ ತಾಗಿದರೂ ಹೀಗಾಗಬಹುದು. ಇದನ್ನೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ಸರಿಮಾಡಲು ಆಗುತ್ತದಾ?

ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ರಾತ್ರಿಯಲ್ಲೂ ಸಿಗುತ್ತದೆ, ದುಡ್ಡಿಲ್ಲ.

ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ. ಹೇಳಿದ್ದು ಇಷ್ಟು: ಎರಡೂ ಕವರ್ ಇಬ್ಬರು ಡಾಕ್ಟರಿಗೂ ತೋರಿಸಿ. ಸ್ಟೀರಾಯ್ಡ್ ಮಾತ್ರ ನೀವಾಗಿ ನಿಲ್ಲಿಸಲೇಬೇಡಿ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಖಿನ್ನತೆ ಮಾತ್ರೆಯಲ್ಲಿ ಮೊದಲ ವಾರದ ಹೊಟ್ಟೆ ತೊಳೆಸುವಿಕೆ ಸಾಮಾನ್ಯವಾಗಿ ಇಳಿಯುತ್ತದೆ, ಗುಣ ಕಾಣಲು ಕೆಲವು ವಾರ ಬೇಕು.

ಇಸಿಜಿ ನೋಡಿದ ತಜ್ಞರು ಎಸಿಟಲೊಪ್ರಾಮ್ ಬದಲು ಸರ್ಟ್ರಲಿನ್ ಎಂಬ ಇನ್ನೊಂದು ಖಿನ್ನತೆ ಮಾತ್ರೆ ಕೊಟ್ಟರು. ಸ್ಟೀರಾಯ್ಡ್ ನಿಧಾನಕ್ಕೆ ಇಳಿಯುತ್ತಿದೆ. ಸುಮಾಗೆ ಈಗ ನಿದ್ದೆ ಬರುತ್ತಿದೆ, ಸಿಟ್ಟು ಇನ್ನೂ ಇದೆ. ಕಳೆದ ಬಾರಿ ಅತ್ತೆಯೂ ಬಂದಿದ್ದರು. "ಈ ಮನಸ್ಸಿನ ಮಾತ್ರೆ ಜೀವನಪೂರ್ತಿ ಬೇಕಾ?" ಎಂದು ಕೇಳಿದರು. ಹೆಚ್ಚಿನವರಿಗೆ ಬೇಡ ಅಮ್ಮಾ, ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ ಎಂದೆ.